ಕಾಗದಪತ್ರಕ್ಕೂ ಮುಯ್ಯಾಳು

ಬಿತ್ತಿದ ಬೀಜ ಮೊಳೆಯದಿದ್ದಾಗ ಅಂಗಡಿಯ ರಸೀದಿ ಸಿಗುವುದಿಲ್ಲ. ತಂದೆ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಇರುತ್ತದೆ. ಸಾಲ, ಪರಿಹಾರ ಕೇಳಲು ಹೋದಾಗ ತೊಡಕಾಗುತ್ತದೆ. ಕಾಗದದ ಕೆಲಸಕ್ಕೆ ಒಬ್ಬರೇ ಕೂತರೆ ಬೇಸರ ಬಂದು ಅದು ನಾಳೆಗೆ ಬೀಳುತ್ತದೆ. ಆದ್ದರಿಂದ ನಾಟಿಗೆ ಮುಯ್ಯಾಳು ಹೋಗುವಂತೆ, ನಂಬಿಕೆಯ ಎರಡು ಮನೆಯವರು ಇದಕ್ಕೂ ಸೇರುವುದು ಒಳ್ಳೆಯದು. ಬೇಸಾಯಕ್ಕೆ ಬಿಡುವಿರುವ ಅಮಾವಾಸ್ಯೆಯಂದು ಎರಡು ಗಂಟೆ ಒಂದು ಮನೆಗೆ, ಮುಂದಿನ ಅಮಾವಾಸ್ಯೆಗೆ ಇನ್ನೊಂದು ಮನೆಗೆ. ನೆರೆಯವರು ಕಾಗದ ಓದಬೇಕಿಲ್ಲ. ಜೊತೆಗೆ ಕೂತು ಹುರಿದುಂಬಿಸಿದರೆ ಸಾಕು.

ಮಾಡುವ ಕ್ರಮ:

1. ಟ್ರಂಕು, ಗೂಡು, ಚೀಲಗಳ ಕಾಗದವನ್ನೆಲ್ಲ ಚಾಪೆಯ ಮೇಲೆ ಹರಡಿ, ಜಮೀನು, ಸಾಲ, ಬೆಳೆ, ಮನೆಮಂದಿ ಎಂದು ನಾಲ್ಕು ಕಟ್ಟು ಮಾಡಬೇಕು.

2. ಕ್ರಯಪತ್ರ, ವಿಭಾಗಪತ್ರ, ಸಾಲ ತೀರಿದ ಪತ್ರಗಳನ್ನು ಎಂದೂ ಎಸೆಯಬಾರದು.

3. ಬೀಜದ ರಸೀದಿ, ಚೀಲದ ಚೀಟಿ, ಒಂದು ಹಿಡಿ ಬೀಜವನ್ನು ಕೊಯ್ಲಿನವರೆಗೆ ಇಡಬೇಕು.

4. ವಿಮೆ ಮಾಡಿದ ಬೆಳೆಗೆ ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ತಿಳಿಸಬೇಕು. ವಿಮೆಯ ರಸೀದಿ ಮೇಲೆಯೇ ಇರಲಿ.

5. ಪೌತಿ ಖಾತೆ ಬಾಕಿಯಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಸಿದ್ಧಮಾಡಿಕೊಂಡು ಇಬ್ಬರೂ ಜೊತೆಯಾಗಿ ನಾಡಕಚೇರಿಗೆ ಹೋಗಬಹುದು.

ಕಟ್ಟುಗಳನ್ನು ಗೆದ್ದಲು, ತೇವ ತಾಗದ ತಗಡಿನ ಪೆಟ್ಟಿಗೆಯಲ್ಲಿಟ್ಟು, ಎಲ್ಲಿದೆಯೆಂದು ಮನೆಯೊಡತಿಗೂ ಮಕ್ಕಳಿಗೂ ತಿಳಿಸಬೇಕು.