ಕೋವಿ ಲೈಸೆನ್ಸಿಗೆ ಮನಸ್ಸಿನ ಸರ್ಟಿಫಿಕೇಟ್

‘ಹಿಂದೆ ನಿದ್ದೆ ಬರದೆ ಡಾಕ್ಟರ ಹತ್ರ ಮಾತ್ರೆ ತಗೊಂಡಿದ್ದೆ. ನನಗೆ ಲೈಸೆನ್ಸ್ ಕೊಡ್ತಾರಾ?’ ಹಂದಿ ಕಾಟಕ್ಕೆ ಬೇಸತ್ತು ಕೋವಿಗೆ ಅರ್ಜಿ ಹಾಕಲು ಹೊರಟ ರೈತನಿಗೆ ಈ ಅಳುಕು ಸಹಜ. ಮಾತ್ರೆ ನುಂಗಿದ ಒಂದೇ ಕಾರಣಕ್ಕೆ ಅರ್ಹತೆ ಹೋಗುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ ಬುದ್ಧಿ ಸ್ಥಿಮಿತವಿಲ್ಲದವರಿಗೆ ಲೈಸೆನ್ಸ್ ನಿರಾಕರಿಸುತ್ತದೆ, ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆ ಇದೆ ಎಂದಮಾತ್ರಕ್ಕೆ ಯಾರನ್ನೂ ಬುದ್ಧಿ ಸ್ಥಿಮಿತವಿಲ್ಲದವರು ಎನ್ನುವಂತಿಲ್ಲ. ಹಾಗೆ ಘೋಷಿಸಬೇಕಾದದ್ದು ನ್ಯಾಯಾಲಯ. ಹಾಗೆಂದು ಲೈಸೆನ್ಸ್ ಕೊಡುವ ಜಿಲ್ಲಾಧಿಕಾರಿಯವರ (ಡಿಸಿ) ಕೈ ಪೂರ್ತಿ ಕಟ್ಟಿಹಾಕಿದಂತೇನೂ ಅಲ್ಲ. ಅರ್ಜಿದಾರ ಬೇರಾವುದೇ ಕಾರಣಕ್ಕೆ ಅನರ್ಹ ಎನಿಸಿದರೂ ತಿರಸ್ಕರಿಸುವ ಅಧಿಕಾರ ಅವರಿಗಿದೆ.

ಅರ್ಜಿ ಎಲ್ಲಿಗೆ?

ಅರಕಲಗೂಡಾಗಲಿ ಹೊಳೆನರಸೀಪುರ, ಚನ್ನರಾಯಪಟ್ಟಣವಾಗಲಿ, ಲೈಸೆನ್ಸ್ ಕೊಡುವವರು ಹಾಸನದ ಜಿಲ್ಲಾಧಿಕಾರಿ. ವಯಸ್ಸು 21 ತುಂಬಿರಬೇಕು. ನಮೂನೆ ಎ-1ರ ಅರ್ಜಿಯೊಂದಿಗೆ ಫೋಟೊ, ಆಧಾರ್, ವಿಳಾಸ ಮತ್ತು ಜನ್ಮದಿನಾಂಕದ ದಾಖಲೆ ಇರಲಿ. ಬೆಳೆ ರಕ್ಷಣೆಗೆ ಎಂದು ಕೇಳುವವರು ಪಹಣಿಯನ್ನೂ ಇಟ್ಟರೆ ಒಳ್ಳೆಯದು. ಕೋವಿಯನ್ನು ಸುರಕ್ಷಿತವಾಗಿ ಬಳಸಿ ಬೀಗ ಹಾಕಿಡುತ್ತೇನೆಂಬ ಮುಚ್ಚಳಿಕೆ ಹಾಗೂ ತರಬೇತಿ ಪಡೆದ ಪ್ರಮಾಣಪತ್ರ 2016ರ ಶಸ್ತ್ರಾಸ್ತ್ರ ನಿಯಮಗಳಿಂದ ಸೇರಿಕೊಂಡವು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು ನೋಡಿ ಕೊಡ್ಲಿಪೇಟೆಯ ನೆಂಟರ ಕೋವಿ ಎರವಲು ತಂದು ಮಲ್ಲಿಪಟ್ಟಣದ ಜೋಳದ ಹೊಲ ಕಾಯಬೇಡಿ. ವಿನಾಯಿತಿ ಇರುವುದು ಅವರಿಗೆ, ಕೋವಿಗಲ್ಲ.

ಡಾಕ್ಟರ ಮುಂದೆ

ಮುಖ್ಯವಾದ ಕಾಗದ ವೈದ್ಯಕೀಯ ಪ್ರಮಾಣಪತ್ರ. ದೇಹ, ಮನಸ್ಸು ಎರಡೂ ಸರಿಯಿವೆ ಎನ್ನುವುದರ ಜೊತೆಗೆ, ಅರ್ಜಿದಾರ ಮದ್ಯ ಅಥವಾ ಮಾದಕ ವಸ್ತುವಿನ ದಾಸನಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಯಾವ ವೈದ್ಯರ ಸಹಿ ನಡೆಯುತ್ತದೆ ಎಂಬುದನ್ನು ಡಿಸಿ ಕಚೇರಿಯಲ್ಲೇ ಮೊದಲು ಕೇಳಿಕೊಂಡರೆ ಓಡಾಟ ಉಳಿಯುತ್ತದೆ. ಹಳೆಯ ಚಿಕಿತ್ಸೆ ಇದ್ದರೆ ಹಾಸನದ ಹಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಚೀಟಿಗಳ ಸಮೇತ ಹೋಗಿ. ಯಾವ ಮಾತ್ರೆ, ಯಾವಾಗ ನಿಲ್ಲಿಸಿದ್ದು, ಈಗ ನಿದ್ದೆ ಹೇಗೆ, ಸಂಜೆ ಎಷ್ಟು ಕುಡಿಯುತ್ತೀರಿ: ಕೇಳಿದ್ದಕ್ಕೆ ನೇರವಾಗಿ ಹೇಳಿ. ನನ್ನ ಮಟ್ಟಿಗೆ ಇಷ್ಟನ್ನೂ ಕೇಳದೆ ಸಹಿ ಹಾಕಿಕೊಟ್ಟ ಕಾಗದ ಅರ್ಜಿದಾರನಿಗೂ ಅವನ ಮನೆಯವರಿಗೂ ಮಾಡಿದ ಉಪಕಾರವಲ್ಲ.

ಅಮೆರಿಕದಲ್ಲಿ 1998ರಿಂದ ಅಂಗಡಿಯವನು ಕೋವಿ ಮಾರುವ ಮುನ್ನ ರಾಷ್ಟ್ರೀಯ ದಾಖಲೆಯನ್ನು ತಪಾಸಣೆ ಮಾಡಿಸುತ್ತಾನೆ. ಬಲವಂತವಾಗಿ ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟವರ ಹೆಸರೂ ಅಲ್ಲಿರುತ್ತದೆ. ನಮ್ಮಲ್ಲಿ ಆಸ್ಪತ್ರೆಯ ಕಡತ ತಾನಾಗಿ ಠಾಣೆಗೆ ಹೋಗುವ ಏರ್ಪಾಡಿಲ್ಲ. ಚಿಕಿತ್ಸೆಯ ಗುಟ್ಟು ಕಾಪಾಡುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟ ಹಕ್ಕು. ಇನ್ನೊಬ್ಬರ ಜೀವಕ್ಕೆ ಅಪಾಯ, ಸಾರ್ವಜನಿಕ ಸುರಕ್ಷತೆಯಂಥ ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ನಿಮ್ಮ ದಾಖಲೆಯನ್ನು ನೀವೇ ಕೇಳಿ ಪಡೆಯುವ ಹಕ್ಕು ಅದೇ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿದೆ. ಕೋವಿ ಕೈತಪ್ಪೀತೆಂದು ಆಸ್ಪತ್ರೆಗೇ ಹೋಗದಿರುವುದು ಶುದ್ಧ ಮೂರ್ಖತನ.

ಠಾಣೆಯ ವರದಿ

ಅರ್ಜಿ ನಿಮ್ಮ ಠಾಣೆಗೆ ಬರುತ್ತದೆ. ಕೊಣನೂರೋ ಹಳ್ಳಿ ಮೈಸೂರೋ ಹಿರೀಸಾವೆಯೋ. ಪ್ರಕರಣಗಳಿವೆಯೇ, ನಡತೆ ಹೇಗೆ, ದಾಯಾದಿ ಜಗಳವಿದೆಯೇ ಎಂದು ವಿಚಾರಿಸುತ್ತಾರೆ. ವರದಿಗೆ 30 ದಿನ, ಅದು ಬಂದ ಮೇಲೆ ತೀರ್ಮಾನಕ್ಕೆ 60 ದಿನ ಎಂದು ನಿಯಮ. ಹಳೆಯ ಕೇಸು ಖುಲಾಸೆಯಾಗಿದ್ದರೆ ತೀರ್ಪಿನ ನಕಲು ಸಿದ್ಧವಿರಲಿ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಶಸ್ತ್ರಾಸ್ತ್ರ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಮೇಲ್ಮನವಿಗೆ ಅವಕಾಶವಿದೆ.

ಅಪ್ಪನ ಕೋವಿ ಮಗನಿಗೆ ಬರುವಾಗಲೂ ಇದೇ ತಪಾಸಣೆ. ಲೈಸೆನ್ಸುದಾರರಿಗೆ 70 ವರ್ಷವಾಗಿದ್ದರೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಇನ್ನೊಂದು ಮಾತು: ಲೈಸೆನ್ಸ್ ಸಿಕ್ಕಿತೆಂದರೆ ಆನೆ, ಚಿರತೆಗೆ ಗುಂಡು ಹಾರಿಸಲು ಅಪ್ಪಣೆ ಸಿಕ್ಕಿದಂತಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯೇ ಬೇರೆ.

ಆಮೇಲೆ ಮನಸ್ಸು ಕೆಟ್ಟರೆ

2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಐದು ವರ್ಷ. ಈ ವ್ಯವಸ್ಥೆಯ ದೊಡ್ಡ ತೂತು ಇದೇ. ಸರ್ಟಿಫಿಕೇಟ್ ಕೊಟ್ಟ ದಿನ ನೆಟ್ಟಗಿದ್ದವನು ಎರಡನೇ ವರ್ಷ ಸಾಲಕ್ಕೋ ಸಾವಿಗೋ ಕುಸಿದರೆ ಅದನ್ನು ಗಮನಿಸುವವರು ಮನೆಯವರೇ. ಮಾತು ಬಿಟ್ಟಿದ್ದರೆ, ರಾತ್ರಿಯೆಲ್ಲ ಎದ್ದು ಕೂತಿದ್ದರೆ, ‘ನಾನಿಲ್ಲದಿದ್ದರೆ ನಿಮಗೇ ಸುಖ’ ಎಂಬ ಮಾತು ಬಂದರೆ ಮೊದಲು ಬೀಗದ ಕೈ ಬೇರೆ ಕಡೆ ಹೋಗಲಿ. ಟೆಲಿ ಮಾನಸ್ 14416 ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಲೈಸೆನ್ಸಿಲ್ಲದ ಹೆಂಡತಿ ಮಕ್ಕಳು ಕೋವಿ ಹೊತ್ತು ಹೊರಡುವುದು ಬೇಡ. ಠಾಣೆಗೆ ಫೋನ್ ಮಾಡಿ ಕರೆಸಿ, ತುರ್ತಾದರೆ 112. ಲೈಸೆನ್ಸುದಾರರೇ ಒಪ್ಪಿದರೆ ಜೊತೆಯಲ್ಲಿ ಹೋಗಿ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಡಿಸಿ. ರಸೀದಿಯಲ್ಲಿ ಕೋವಿಯ ನಂಬರು, ತೋಟೆಗಳ ಎಣಿಕೆ ಬರೆಸಿಕೊಳ್ಳಿ. ವಾಪಸ್ ತರುವ ಮುಂಚೆ ಚಿಕಿತ್ಸೆ ಕೊಟ್ಟ ವೈದ್ಯರನ್ನು ಒಮ್ಮೆ ಕೇಳಿ.