ಬ್ರಾಕೆಟ್ಟಿನೊಳಗಿನ ಮೈನಸ್ ಗ್ರಾಫನ್ನು ಬಲಕ್ಕೇಕೆ ಒಯ್ಯುತ್ತದೆ?



ಪ್ರಥಮ ಪಿಯುಸಿ ಗಣಿತದ ಎರಡನೇ ಅಧ್ಯಾಯದಲ್ಲಿ ಫಂಕ್ಷನ್ ಎಂಬ ಪದ ನಿಮಗೆ ಎದುರಾಗುತ್ತದೆ. ದ್ವಿತೀಯ ಪಿಯುಸಿಯ ಮೊದಲೆರಡು ಅಧ್ಯಾಯಗಳು ನಿಂತಿರುವುದೂ ಅದರ ಮೇಲೆಯೇ. ಈ ಪಾಠ ಮಾಡುವಾಗ ಪ್ರತಿ ವರ್ಷ ನನಗೆ ಬರುವ ಪ್ರಶ್ನೆ ಒಂದಿದೆ: “ಸರ್, ಎಕ್ಸ್ ಮೈನಸ್ 3 ಅಂದರೆ ಗ್ರಾಫ್ ಎಡಕ್ಕೆ ಹೋಗಬೇಕಲ್ಲ, ಬಲಕ್ಕೆ ಯಾಕೆ ಹೋಗುತ್ತೆ?”

“ಬ್ರಾಕೆಟ್ಟಿನ ಒಳಗಿದ್ದರೆ ಎಲ್ಲವೂ ಉಲ್ಟಾ” ಎಂದು ಬಾಯಿಪಾಠ ಮಾಡಿಕೊಂಡು ಮುಂದೆ ಹೋಗುವವರೇ ಹೆಚ್ಚು. ಪ್ರಶ್ನೆ ಸ್ವಲ್ಪ ತಿರುಚಿಕೊಂಡು ಬಂದ ದಿನ ಆ ಬಾಯಿಪಾಠ ಕೈಕೊಡುತ್ತದೆ. ಆಗ ಕನ್ನಡ ಮಾಧ್ಯಮದಿಂದ ಬಂದವರು “ನನಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಗಣಿತ ತಲೆಗೆ ಹತ್ತುತ್ತಿಲ್ಲ” ಎಂದುಕೊಳ್ಳುತ್ತಾರೆ. ಕೆಲವರು ವಿಜ್ಞಾನ ವಿಭಾಗವನ್ನೇ ಬಿಡುವ ಮಾತಾಡುತ್ತಾರೆ. ತೊಡಕು ಇಂಗ್ಲಿಷಿನದ್ದಲ್ಲ, ಕಾರಣ ತಿಳಿಯದೆ ನಿಯಮ ಕಲಿತದ್ದರದ್ದು. ಆ ಕಾರಣವನ್ನು ಕನ್ನಡದಲ್ಲೇ ನೋಡೋಣ.

ತಡವಾಗಿ ಹೊರಟ ಬಸ್ಸು

ಮಂಗಳೂರಿನಿಂದ ಉಡುಪಿಗೆ ದಿನಾ ಬೆಳಿಗ್ಗೆ 8 ಗಂಟೆಗೆ ಒಂದು ಬಸ್ಸು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಅಡ್ಡ ಅಕ್ಷದಲ್ಲಿ ಸಮಯ, ನೇರ ಅಕ್ಷದಲ್ಲಿ ಕ್ರಮಿಸಿದ ದೂರ ಹಾಕಿ ಅದರ ಗ್ರಾಫ್ ಬರೆಯಿರಿ. ಇವತ್ತು ಬಸ್ಸು 15 ನಿಮಿಷ ತಡವಾಗಿ ಹೊರಟಿತು, ವೇಗ ಮಾತ್ರ ಎಂದಿನಂತೆಯೇ ಇದೆ. 8.40ಕ್ಕೆ ಅದು ಎಲ್ಲಿರುತ್ತದೆ? ದಿನಾ 8.25ಕ್ಕೆ ಎಲ್ಲಿರುತ್ತದೋ ಅಲ್ಲಿ. ಅಂದರೆ ಇವತ್ತಿನ ಜಾಗ ತಿಳಿಯಲು ಗಡಿಯಾರದ ಸಮಯದಿಂದ 15 ಕಳೆದು ಹಳೆಯ ಗ್ರಾಫನ್ನು ನೋಡಬೇಕು. ಬ್ರಾಕೆಟ್ಟಿನೊಳಗಿನ ಮೈನಸ್ 15 ಇದೇ. ಆದರೆ ಎಲ್ಲವೂ 15 ನಿಮಿಷ ತಡವಾಗಿ ನಡೆಯುವುದರಿಂದ ಇಡೀ ಗೆರೆ ಬಲಕ್ಕೆ ಜರುಗಿದೆ.

ಬ್ರಾಕೆಟ್ಟಿನ ಒಳಗಿರುವುದು “ಹಳೆಯ ಗ್ರಾಫಿನಲ್ಲಿ ಎಲ್ಲಿ ನೋಡಬೇಕು” ಎಂದು ಹೇಳುತ್ತದೆ. ಹಳೆಯ ಬಿಂದು ಹೊಸ ಗ್ರಾಫಿನಲ್ಲಿ ಎಲ್ಲಿಗೆ ಬಂತು ಎಂದು ತಿಳಿಯಲು ಆ ಕ್ರಿಯೆಯನ್ನು ಬಿಚ್ಚಬೇಕು. ಕಳೆದದ್ದನ್ನು ಬಿಚ್ಚಿದರೆ ಕೂಡುವುದು, ಗುಣಿಸಿದ್ದನ್ನು ಬಿಚ್ಚಿದರೆ ಭಾಗಿಸುವುದು. ಹೀಗೆ ಬಿಚ್ಚುವುದಕ್ಕೇ ವಿಲೋಮ, ಅಂದರೆ ಇನ್ವರ್ಸ್ ಎಂದು ಹೆಸರು. ಬ್ರಾಕೆಟ್ಟಿನ ಹೊರಗಿನದು ಹಾಗಲ್ಲ. ಅದು ಸಿಕ್ಕಿದ ಉತ್ತರದ ಮೇಲೆ ನೇರವಾಗಿ ನಡೆಯುತ್ತದೆ: ಪ್ಲಸ್ 2 ಎಂದರೆ ಮೇಲಕ್ಕೆ 2.

ವೈ = (ಎಕ್ಸ್ − 3)² + 2 ಎಂಬುದನ್ನು ಈಗ ಓದಿ. ಮೂಲಬಿಂದುವಿನಲ್ಲಿದ್ದ ಪರವಲಯದ ಶೃಂಗ ಬಲಕ್ಕೆ 3, ಮೇಲಕ್ಕೆ 2 ಸರಿದು (3, 2)ಕ್ಕೆ ಬಂದಿದೆ.

ಬಾಯಿಪಾಠ ಸೋಲುವ ಜಾಗ

ವೈ = (2ಎಕ್ಸ್ + 6)² ಇದರ ಶೃಂಗ ಎಲ್ಲಿ? ಉಲ್ಟಾ ನಿಯಮ ನೆನಪಿದ್ದವರು “ಮೊದಲು ಅರ್ಧಕ್ಕೆ ಕುಗ್ಗಿಸು, ಆಮೇಲೆ ಎಡಕ್ಕೆ 6” ಎಂದು −6 ಬರೆಯುತ್ತಾರೆ. ಎಕ್ಸ್ ಜಾಗದಲ್ಲಿ −6 ಹಾಕಿದರೆ ಸಿಗುವುದು 36. ಅದು ತಳವಲ್ಲ.

ಒಳಗೆ ನಡೆದದ್ದು ಮೊದಲು 2ರಿಂದ ಗುಣಾಕಾರ, ಆಮೇಲೆ 6ರ ಸಂಕಲನ. ಬಿಚ್ಚುವಾಗ ಕೊನೆಯದು ಮೊದಲು: ಎಡಕ್ಕೆ 6 ಜರುಗಿಸಿ, ನಂತರ ಅರ್ಧ ಮಾಡಿ. ಉತ್ತರ −3. ಹಾಕಿ ನೋಡಿ, ಸೊನ್ನೆ ಬರುತ್ತದೆ. ಕಾಲುಚೀಲ ಹಾಕಿ ಶೂ ಹಾಕಿದವರು ಬಿಚ್ಚುವಾಗ ಶೂವನ್ನೇ ಮೊದಲು ಬಿಚ್ಚಬೇಕಲ್ಲವೇ?

ಈ ಉಪಾಯ ಬಹಳ ಹಳೆಯದು. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ಆರ್ಯಭಟ ವಿಲೋಮ ವಿಧಾನವನ್ನು ಹೇಳಿದ್ದಾನೆ: ಗುಣಾಕಾರ ಭಾಗಾಕಾರವಾಗುತ್ತದೆ, ಸಂಕಲನ ವ್ಯವಕಲನವಾಗುತ್ತದೆ. 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿಯ ಗ್ರಂಥದ ಹೆಸರಿನಲ್ಲಿರುವ ‘ಅಲ್ ಜಬ್ರ್’ ಎಂಬ ಅರಬ್ಬಿ ಪದಕ್ಕೆ ಮೊದಲಿನಂತೆ ಸರಿಪಡಿಸುವುದು ಎಂದರ್ಥ. ಆಲ್ಜಿಬ್ರಾ ಎಂಬ ಹೆಸರು ಬಂದದ್ದು ಅದರಿಂದ.

ವಿಲೋಮದ ಗ್ರಾಫ್

ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್‌ಗೆ ತರಲು 1.8ರಿಂದ ಗುಣಿಸಿ 32 ಕೂಡುತ್ತೇವೆ. ಥರ್ಮಾಮೀಟರ್ 98.6 ತೋರಿಸಿದರೆ ಸೆಲ್ಸಿಯಸ್ಸಿನಲ್ಲಿ ಎಷ್ಟು? ಮೊದಲು 32 ಕಳೆಯಿರಿ, 66.6, ನಂತರ 1.8ರಿಂದ ಭಾಗಿಸಿ, 37. ಕ್ರಮ ತಪ್ಪಿಸಿ ಮೊದಲು ಭಾಗಿಸಿದರೆ ಸುಮಾರು 22.8 ಬರುತ್ತದೆ. ಆರೋಗ್ಯವಂತನ ಮೈ ಅಷ್ಟು ತಣ್ಣಗಿರಲು ಸಾಧ್ಯವೇ?

ವಿಲೋಮದಲ್ಲಿ ಕೊಟ್ಟದ್ದು ಮತ್ತು ಪಡೆದದ್ದು ಜಾಗ ಬದಲಿಸುತ್ತವೆ, (37, 98.6) ಎಂಬ ಬಿಂದು (98.6, 37) ಆಗುತ್ತದೆ. ಆದ್ದರಿಂದ ಎರಡೂ ಗ್ರಾಫುಗಳು ವೈ = ಎಕ್ಸ್ ಎಂಬ ಗೆರೆಯ ಆಚೀಚೆ ಕನ್ನಡಿಯ ಬಿಂಬದಂತೆ ಇರುತ್ತವೆ. ಈ ಉದಾಹರಣೆಯಲ್ಲಿ ಅವು ಆ ಗೆರೆಯ ಮೇಲೆ ಸೇರುವುದು −40ರಲ್ಲಿ. ಎರಡೂ ಮಾಪಕಗಳು ಒಂದೇ ಸಂಖ್ಯೆ ತೋರಿಸುವ ಉಷ್ಣತೆ ಅದೊಂದೇ.

ಆದರೆ ಎಲ್ಲ ಫಂಕ್ಷನ್‌ಗಳನ್ನೂ ಬಿಚ್ಚಲಾಗುವುದಿಲ್ಲ. ವರ್ಗ ಮಾಡಿದಾಗ 9 ಬಂತು ಎಂದರೆ ಮೂಲ ಸಂಖ್ಯೆ 3 ಇರಬಹುದು, −3 ಕೂಡ ಇರಬಹುದು. ಒಂದು ಅಡ್ಡಗೆರೆ ಗ್ರಾಫನ್ನು ಎರಡು ಕಡೆ ಮುಟ್ಟಿದರೆ ವಿಲೋಮವಿಲ್ಲ. ಆಗ ಡೊಮೈನನ್ನು ಕತ್ತರಿಸಬೇಕು. ನಮ್ಮ (ಎಕ್ಸ್ − 3)² + 2 ರಲ್ಲಿ ಎಕ್ಸ್ 3 ಅಥವಾ ಹೆಚ್ಚು ಎಂದು ಮಿತಿ ಹಾಕಿದರೆ ವಿಲೋಮ 3 + √(ಎಕ್ಸ್ − 2). ಬಲಕ್ಕೆ 3, ಮೇಲಕ್ಕೆ 2 ಇದ್ದದ್ದು ಈಗ ಬಲಕ್ಕೆ 2, ಮೇಲಕ್ಕೆ 3 ಆಗಿದೆ. ದ್ವಿತೀಯ ಪಿಯುಸಿಯಲ್ಲಿ ಸೈನ್ ಇನ್ವರ್ಸ್‌ಗೆ −π/2 ರಿಂದ π/2 ಎಂಬ ಮಿತಿ ಹಾಕುವುದೂ ಇದೇ ಕಾರಣಕ್ಕೆ.

ಒಂದು ಎಚ್ಚರಿಕೆ: ಎಫ್ ಅಕ್ಷರದ ತಲೆಯ ಮೇಲಿನ −1 ಘಾತವಲ್ಲ. 5 ಕೂಡುವ ಫಂಕ್ಷನ್ನಿನ ವಿಲೋಮ 5 ಕಳೆಯುವುದು. ಅದು 1/(ಎಕ್ಸ್ + 5) ಅಲ್ಲ.

ನೀವೇ ಮಾಡಿ

1. ವೈ = |ಎಕ್ಸ್ + 4| − 1 ಇದರ ಮೂಲೆ ಎಲ್ಲಿದೆ?
2. ವೈ = √(3ಎಕ್ಸ್ − 12) ಗ್ರಾಫ್ ಎಲ್ಲಿಂದ ಆರಂಭವಾಗುತ್ತದೆ?
3. (3ಎಕ್ಸ್ − 7)/2 ಇದರ ವಿಲೋಮವೇನು?

ಉತ್ತರಗಳು: 1. (−4, −1). 2. (4, 0). 3. (2ಎಕ್ಸ್ + 7)/3.

ಉತ್ತರ ಸರಿಬಂದರೆ ಅಲ್ಲಿಗೇ ನಿಲ್ಲಿಸಬೇಡಿ. ಪಕ್ಕದಲ್ಲಿ ಕುಳಿತವರಿಗೆ “ಯಾಕೆ” ಎಂಬುದನ್ನು ನಿಮ್ಮ ಮನೆಮಾತಿನಲ್ಲೇ, ಬ್ಯಾರಿಯಾಗಲಿ ಉರ್ದುವಾಗಲಿ ತುಳುವಾಗಲಿ, ವಿವರಿಸಿ. ವಿವರಿಸಲು ಬಂದರೆ ಪಾಠ ನಿಮ್ಮದಾಯಿತು. ಬಾರದಿದ್ದರೆ ಗ್ರಾಫ್ ಹಾಳೆ ಹಿಡಿದುಕೊಂಡು ಗಣಿತ ವಿಭಾಗಕ್ಕೆ ಬನ್ನಿ, ಕೂತು ಬಿಡಿಸೋಣ.