ಗಿಡದ ಗುಂಡಿಯಲ್ಲಿ ಗೆದ್ದಲಿಗೆ ಊಟ ಬಡಿಸಬೇಡಿ

ಈ ವಾರ ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ನಮ್ಮದು ಚಿತ್ರದುರ್ಗ ಕಡೆಯ ಕೆಂಪು ನೆಲ. ಮೂರು ವರ್ಷದ ಹಿಂದೆ ಮುಂಗಾರಿನಲ್ಲಿ 60 ಮಾವಿನ ಸಸಿ ನೆಟ್ಟೆ. ಅವಸರದಲ್ಲಿ ತಿಪ್ಪೆಯ ಮೇಲಿನ, ಇನ್ನೂ ಹುಲ್ಲುಕಡ್ಡಿ ಕಾಣ್ತಿದ್ದ ಗೊಬ್ಬರವನ್ನೇ ಗುಂಡಿಗೆ ಎರಡೆರಡು ಮಂಕರಿ ಸುರಿದೆ. ಆಮೇಲೆ ಮಳೆ ಕೈಕೊಟ್ಟಿತು, ಮಣ್ಣು ಒಣಗಿತು. ಒಂದೊಂದೇ ಸಸಿ ಬಾಡೋಕೆ ಶುರುವಾಯ್ತು. ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬಂತು. ಬೇರಿನ ತೊಗಟೆಯೇ ಇಲ್ಲ, ಸುತ್ತ ಬರೀ ಗೆದ್ದಲು. ಒಟ್ಟು 17 ಸಸಿ ಹೋದವು. ನೋಡೋಕೆ ಬಂದ ದೊಡ್ಡಪ್ಪ ಅಂದ್ರು, "ನೀನು ಹಾಕಿರೋದು ಗೊಬ್ಬರ ಅಲ್ಲ ಕಣೋ, ಗೆದ್ದಲಿಗೆ ಊಟ."

ಆ ಮಾತು ಎಷ್ಟು ಸರಿ ಅಂತ ನನಗೆ ಗೊತ್ತಾಗಿದ್ದು, ಗೆದ್ದಲು ಹೇಗೆ ಜೀರ್ಣ ಮಾಡಿಕೊಳ್ಳುತ್ತೆ ಅಂತ ತಿಳಿದ ಮೇಲೆ.

ಒಣಹುಲ್ಲು ಅರಗಿಸೋದು ಯಾರು?

ಹುಲ್ಲು, ಕಟ್ಟಿಗೆ, ಒಣ ಎಲೆ ಇವುಗಳಲ್ಲಿ ಹೆಚ್ಚಾಗಿ ಇರೋದು ಸೆಲ್ಯುಲೋಸ್. ಅದನ್ನು ಗಟ್ಟಿಯಾಗಿ ಹಿಡಿದಿಡೋದು ಲಿಗ್ನಿನ್. ನಮ್ಮ ಹಸು ಕೂಡ ಹುಲ್ಲನ್ನು ತಾನೊಂದೇ ಅರಗಿಸಲ್ಲ. ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅರಗಿಸಿಕೊಡುತ್ತವೆ. ಗೆದ್ದಲಿನದೂ ಇದೇ ಕಥೆ.

ಮನೆಯ ಬಾಗಿಲು, ಕಿಟಕಿ ತಿನ್ನುವ ಒಣಮರದ ಗೆದ್ದಲಿನ ಕರುಳಿನಲ್ಲಿ ಏಕಕೋಶ ಜೀವಿಗಳಿವೆ. ಅವು ಮರದ ಚೂರನ್ನು ನುಂಗಿ, ಒಡೆದು, ಅಸಿಟೇಟ್ ಎಂಬ ಆಮ್ಲರೂಪದ ಆಹಾರ ಮಾಡಿಕೊಡುತ್ತವೆ. ಗೆದ್ದಲಿಗೆ ಶಕ್ತಿ ಸಿಗೋದು ಅದರಿಂದ.

ಹೊಲದಲ್ಲಿ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಜಾತಿಯ ಗೆದ್ದಲಿಗೆ ಆ ಏಕಕೋಶ ಜೀವಿಗಳಿಲ್ಲ. ಕರುಳಿನಲ್ಲಿ ಬ್ಯಾಕ್ಟೀರಿಯಾ ಇವೆ, ಜೊತೆಗೆ ಅದು ನಮ್ಮ ಹಾಗೇ ಬೇಸಾಯ ಮಾಡುತ್ತೆ!

ಹುತ್ತದೊಳಗಿನ ತೋಟ

ಹುತ್ತ ಅಗೆದಾಗ ಸ್ಪಂಜಿನಂಥ ಕಂದು ಗೂಡುಗಳನ್ನು ನೀವು ನೋಡಿರಬಹುದು. ಅದರ ಮೇಲೆ ಸಣ್ಣ ಬಿಳಿ ಕಾಳುಗಳಿರುತ್ತವೆ. ಅದೇ ಅದರ ತೋಟ. ಬೆಳೆ, ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ. ಆಳು ಗೆದ್ದಲುಗಳು ತಂದ ಒಣ ಕಸವನ್ನು ಎಳೆಯ ಆಳುಗಳು ಆ ಬಿಳಿ ಕಾಳಿನ ಜೊತೆ ತಿಂದು, ಅರ್ಧಂಬರ್ಧ ಅರಗಿದ್ದನ್ನು ಹಿಕ್ಕೆಯಾಗಿ ಗೂಡಿನ ಮೇಲೆ ಹಾಕುತ್ತವೆ. ಶಿಲೀಂಧ್ರ ಅದರಲ್ಲಿ ಬೆಳೆದು ಲಿಗ್ನಿನ್, ಸೆಲ್ಯುಲೋಸ್ ಎರಡನ್ನೂ ಮೆದು ಮಾಡುತ್ತೆ. ಚೆನ್ನಾಗಿ ಕಳಿತ ಹಳೆಯ ಭಾಗವನ್ನು ದೊಡ್ಡ ಆಳುಗಳು ತಿನ್ನುತ್ತವೆ. ಉಳಿದ ಕೆಲಸ ಕರುಳಿನ ಬ್ಯಾಕ್ಟೀರಿಯಾದ್ದು. ಮಳೆ ಬಿದ್ದ ಮೇಲೆ ಹುತ್ತದ ಮೇಲೆ ಏಳುವ ಅಣಬೆ ಈ ಶಿಲೀಂಧ್ರದ್ದೇ.

ಅಂದ್ರೆ ಹುತ್ತದೊಳಗೆ ನಡೆಯೋದು ಕಾಂಪೋಸ್ಟ್ ಕೆಲಸ. ಅದಕ್ಕೆ ಬೇಕಾದ ಕಚ್ಚಾ ಮಾಲು ಕೊಳೆಯದ ಒಣ ಕಸ. ನಾನು ಅದನ್ನೇ ಬೇರಿನ ಪಕ್ಕ ಇಟ್ಟಿದ್ದೆ. ಕಸಕ್ಕೆ ಬಂದ ಗೆದ್ದಲು, ನೀರಿಲ್ಲದೆ ಸೊರಗಿದ ಬೇರಿಗೂ ಬಾಯಿ ಹಾಕಿತು.

ನಾನೀಗ ಮಾಡೋದು

1. ಪೂರ್ತಿ ಕಳಿತ ಗೊಬ್ಬರ ಮಾತ್ರ ಗುಂಡಿಗೆ. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು, ಹುಲ್ಲುಕಡ್ಡಿ ಗುರುತು ಸಿಗಬಾರದು. ಕೊಳೆಯುವ ಕೆಲಸ ತಿಪ್ಪೆಯಲ್ಲೇ ಮುಗಿದಿದ್ರೆ ಗೆದ್ದಲಿಗೆ ಅಲ್ಲಿ ಹೆಚ್ಚು ಊಟ ಉಳಿಯಲ್ಲ.
2. ಗುಂಡಿಗೆ ಬೇವಿನ ಹಿಂಡಿ ಬೆರೆಸ್ತೀನಿ. ಗೆದ್ದಲಿಗೆ ರೋಗ ತರುವ ಮೆಟಾರೈಜಿಯಂ ಶಿಲೀಂಧ್ರವನ್ನೂ ಕಳಿತ ಗೊಬ್ಬರದ ಜೊತೆ ಕೊಡಬಹುದು. ಪ್ರಮಾಣವನ್ನು ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ.
3. ಹೊದಿಕೆ ಹಾಕೋದು ಬಿಟ್ಟಿಲ್ಲ. ಆದರೆ ಕಾಂಡದಿಂದ ಒಂದು ಗೇಣು ದೂರ.
4. ಮೊದಲ ಎರಡು ಬೇಸಿಗೆ ಸಸಿಯ ಬುಡ ಒಣಗೋಕೆ ಬಿಡಲ್ಲ.
5. ವಾರಕ್ಕೊಮ್ಮೆ ಬುಡ ನೋಡ್ತೀನಿ. ಕಾಂಡದ ಮೇಲೆ ಮಣ್ಣಿನ ಗೆರೆ ಕಂಡರೆ ಫೋಟೋ ತೆಗೆದು, ಕೆರೆದು ಹಾಕಿ, ಮರುದಿನ ಮತ್ತೆ ನೋಡ್ತೀನಿ. ಗೆರೆ ಮತ್ತೆ ಎದ್ದಿದ್ರೆ ಗೆದ್ದಲು ಇನ್ನೂ ಇದೆ ಅಂತ ಅರ್ಥ.

ಬದುವಿನ ಹುತ್ತವನ್ನು ನಾನು ಒಡೆದಿಲ್ಲ. ಒಣ ಕಸವನ್ನು ಮಣ್ಣಿಗೆ ಸೇರಿಸೋದು, ನೆಲ ಸಡಿಲ ಮಾಡೋದು ಅದರ ಕೆಲಸ; ಅಲ್ಲಿದ್ದರೆ ನನಗೇನೂ ತೊಂದರೆ ಇಲ್ಲ. ಮರು ವರ್ಷ ಅದೇ 17 ಗುಂಡಿಗೆ ಹೊಸ ಸಸಿ ಇಟ್ಟೆ. ಈ ಸಲ ದೊಡ್ಡಪ್ಪನಿಗೆ ಮೊದಲು ಗೊಬ್ಬರ ತೋರಿಸಿಯೇ ಹಾಕಿದ್ದು.

ನೀವೂ ಈ ವಾರ ನಿಮ್ಮ ತಿಪ್ಪೆಗೆ ಕೈ ಹಾಕಿ ನೋಡಿ: ಅದು ಗೊಬ್ಬರವೋ, ಗೆದ್ದಲಿನ ಊಟವೋ?